ಮುದ್ದಣ್ಣನ ಉಪ್ಪಿನ ಕೈ

ಅಡುಗೆಯ ಮುದ್ದಣ್ಣ ನಲವತ್ತು ವರ್ಷದಲ್ಲಿ ಒಮ್ಮೆಯೂ ರುಚಿ ನೋಡಿ ಉಪ್ಪು ಹಾಕಿದವನಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ಕೂರಿಸಿಕೊಂಡೂ ಹೇಳುತ್ತಿದ್ದ. ಹತ್ತು ಜನರ ಸಾರಾಗಲಿ, ಸಾವಿರ ಜನರ ಸಾರಾಗಲಿ, ಕೈ ಉಪ್ಪಿನ ಭರಣಿಗೆ ಹೋಗಬೇಕು, ಬರಬೇಕು, ಹಂಡೆಯ ಮೇಲೆ ಬಿಚ್ಚಿಕೊಳ್ಳಬೇಕು, ಅಷ್ಟೇ. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಯಾವುದೋ ಕಾಲದಲ್ಲಿ ಒಂದೇ ಒಂದು ಹರಳು ಹೆಚ್ಚಾಗಿ ಕಿರುಬೆರಳಿಗೆ ಅಂಟಿಕೊಂಡಿತ್ತಂತೆ. ತನಗೆ ಇಲ್ಲಿ ಕೆಲಸವಿಲ್ಲವೆಂದು ತಿಳಿದು ಅದೇ ನಾಚಿಕೊಂಡು ಭರಣಿಗೆ ಹಾರಿತಂತೆ.

"ನಮ್ಮದು ಉಪ್ಪಿನ ವಂಶ. ಸಮುದ್ರಕ್ಕೆ ಉಪ್ಪು ಹಾಕಿದ್ದು ಯಾರು ಗೊತ್ತುಂಟಾ? ನನ್ನ ಮುತ್ತಜ್ಜ. ಮಲ್ಪೆಯಲ್ಲಿ ನಿಂತು ಹಾಕಿದ್ದು. ಅವನ ಕೈ ಸ್ವಲ್ಪ ಜಾಸ್ತಿಯಾಯಿತು. ಅದೇ ಕೊನೆ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ತಪ್ಪಲಿಲ್ಲ," ಎನ್ನುತ್ತಿದ್ದ.

ಈ ಜಂಬದ ಹಿಂದೆ ಒಂದು ನೇಮವೂ ಇತ್ತು. ದೇವರಿಗೆ ತೋರಿಸುವ ಮೊದಲು ಅಡುಗೆಯನ್ನು ನಾಲಿಗೆಗೆ ತಾಗಿಸಬಾರದು, ತಾಗಿಸಿದರೆ ದೇವರಿಗೆ ಎಂಜಲು ಬಡಿಸಿದ ಹಾಗೆ ಎಂದು ಅವನಿಗೆ ಸೌಟು ಹಿಡಿಯಲು ಕಲಿಸಿದವರು ಹೇಳಿದ್ದರು. ಹೋಟೆಲಾದರೇನು, ಗಲ್ಲಾದ ಮೇಲೆ ಕೃಷ್ಣನ ಪಟವಿತ್ತು. ಮೊದಲ ಸೌಟು ಅವನದು, ಎರಡನೆಯದರಿಂದ ಗಿರಾಕಿಗಳದು. ಇನ್ನು ಎಲ್ಲರ ಊಟವಾದ ಮೇಲಾದರೂ ಮುದ್ದಣ್ಣ ತನ್ನ ಸಾರನ್ನು ಉಣ್ಣುತ್ತಿದ್ದನೋ ಎಂದರೆ, ಅದೂ ಇಲ್ಲ. ಬೆಳಗಿನಿಂದ ಅದರ ಹಬೆ ಕುಡಿದವನಿಗೆ ಅದರ ಹೆಸರೆತ್ತಿದರೆ ಸಾಕು, ಕೈ ಮೊಸರಿನ ಗಡಿಗೆಗೆ ಹೋಗುತ್ತಿತ್ತು. ಒಲೆಯ ಪಕ್ಕದಲ್ಲಿ ನಿಂತೇ ಒಂದಿಷ್ಟು ಅನ್ನಕ್ಕೆ ಮೊಸರು ಕಲಸಿ, ಮಾವಿನ ಮಿಡಿ ನಂಜಿಕೊಂಡು ಮುಗಿಸುತ್ತಿದ್ದ. ಹೀಗಾಗಿ ಮುದ್ದಣ್ಣನ ಸಾರನ್ನು ಲಕ್ಷ ಜನ ಉಂಡಿದ್ದರು, ಒಬ್ಬ ಮುದ್ದಣ್ಣನನ್ನು ಬಿಟ್ಟು.

ಅವನ ಆಯುಷ್ಯದ ದೊಡ್ಡ ಪಾಲು ಸವೆದದ್ದು ಔರಂಗಾಬಾದಿನ ಸ್ಟೇಷನ್ ರಸ್ತೆಯಲ್ಲಿ, ಕುಂದಾಪುರದ ಕಡೆಯ ದೇವದಾಸ ಎಂಬವರ ಹೋಟೆಲಿನಲ್ಲಿ. ದೌಲತಾಬಾದಿನ ಕೋಟೆ ಹತ್ತಿ ಇಳಿದ ಜನ ನೇರ ಅಲ್ಲಿಗೆ ಬರುತ್ತಿದ್ದರು. ಅವರ ಹಸಿವೆಯೇ ಬೇರೆ. ತಡವಾದರೆ ಬೆಂಚಿನ ಕಾಲು ಕಡಿಯುತ್ತಿದ್ದರು. ಆ ಗದ್ದಲದಲ್ಲಿ ಯಾವ ಹಂಡೆಗೆ ಏನು ಹಾಕಿದೆ, ಏನು ಬಿಟ್ಟೆ ಎಂದು ನೆನಪಿಡಲು ಮನುಷ್ಯನಿಂದಾಗದು. ಮುದ್ದಣ್ಣ ಒಂದು ದಾರಿ ಹುಡುಕಿಕೊಂಡಿದ್ದ. ಊರಿನ ಗಿರಣಿಯ ಭೋಂಗಾ ದಿನಾ ಹನ್ನೊಂದಕ್ಕೆ ಕೂಗುತ್ತಿತ್ತು. ಅದು ಕೂಗಿದಾಗ ಉಪ್ಪು. ಕೂಗಿಲ್ಲವೆಂದರೆ ಉಪ್ಪು ಬಿದ್ದಿಲ್ಲ, ಕೂಗಿ ಆಯಿತೆಂದರೆ ಬಿದ್ದಿದೆ. ತಲೆಗೆ ಈ ಕೆಲಸವೇ ಇಲ್ಲ. ಹದಿನೆಂಟು ವರ್ಷ ಹೀಗೆ ನಡೆದು, ಕೊನೆಗೆ ಕೈಗೂ ಕಿವಿಗೂ ನೇರ ಒಪ್ಪಂದವಾಗಿ, ನಡುವಿನ ಮುದ್ದಣ್ಣ ತನ್ನಷ್ಟಕ್ಕೆ ಬೇರೆಲ್ಲೋ ಇರುತ್ತಿದ್ದ.

ಅರುವತ್ತೊಂಬತ್ತನೇ ಇಸವಿಯಲ್ಲಿ ದೇವದಾಸರು ಹೋಟೆಲು ಮಾರಿ ಊರಿಗೆ ಹೋದರು. ಆ ಜಾಗದಲ್ಲಿ ಟಯರಿನ ಅಂಗಡಿ ಬಂತು. ಮುದ್ದಣ್ಣನಿಗೆ ಆಗ ಐವತ್ತೇಳು. ಹೆಂಡತಿ ಕುಸುಮಾವತಿ ತೀರಿಕೊಂಡು ಇಪ್ಪತ್ತು ವರ್ಷ ದಾಟಿತ್ತು, ಮಕ್ಕಳಿರಲಿಲ್ಲ, ಊರಲ್ಲಿದ್ದ ಮನೆಯಲ್ಲಿ ಅವನ ಹೆಸರು ಹೇಳಿದರೆ "ಯಾವ ಮುದ್ದಣ್ಣ?" ಎಂದು ಕೇಳುವವರಿದ್ದರು. ಎರಡೂ ಮೊಣಕಾಲು ಹೋಗಿದ್ದವು. ಒಂದು ತಗಡಿನ ಟ್ರಂಕು, ದೇವದಾಸರು ಬರೆದುಕೊಟ್ಟ ಒಂದು ಚೀಟಿ ಹಿಡಿದು ನಾಶಿಕದ ಬಸ್ಸು ಹತ್ತಿದ. ಚೀಟಿ ಪಂಚವಟಿಯ ಸಂಧ್ಯಾ ನಿವಾಸದ ಹೆಸರಿಗಿತ್ತು.

ಸಂಧ್ಯಾ ನಿವಾಸವೆಂದರೆ ಮುದುಕ ಮುದುಕಿಯರ ಆಶ್ರಮ. ಪಿಂಪಳಗಾಂವ್ ಬಸವಂತದ ಒಬ್ಬ ದ್ರಾಕ್ಷಿ ವ್ಯಾಪಾರಿ ಶೇಠಜಿ ತಮ್ಮ ಅಜ್ಜನ ಕಾಲದ ವಾಡೆಯನ್ನು ಬಿಟ್ಟುಕೊಟ್ಟು ನಡೆಸುತ್ತಿದ್ದರು. ಕಲ್ಲಿನ ಗೋಡೆ, ಮರದ ಕಂಬ, ನಡುವೆ ಅಂಗಳ, ಸುತ್ತ ಖೋಲಿಗಳು. ಖೋಲಿಗಳಲ್ಲಿ ಇಪ್ಪತ್ತೇಳು ಜನ. ವಾಡೆಯ ವಯಸ್ಸು ದೊಡ್ಡದೋ ಒಳಗಿನವರದು ದೊಡ್ಡದೋ ಎಂದು ಹೇಳುವುದು ಕಷ್ಟ. ಕೆಮ್ಮಿದರೆ ಇಬ್ಬರಿಂದಲೂ ಧೂಳು ಉದುರುತ್ತಿತ್ತು.

ಮುದ್ದಣ್ಣ ಎರಡು ತಿಂಗಳ ಮಟ್ಟಿಗೆ ಬಂದವನು. ಬೇರೆ ಹೋಟೆಲು ಸಿಕ್ಕರೆ ಹೋಗುವವನು. ಅದಕ್ಕೇ ಟ್ರಂಕಿನ ಹಗ್ಗ ಬಿಚ್ಚಲಿಲ್ಲ. ದಿನದ ಬಟ್ಟೆ ಹಗ್ಗದ ಸಂದಿಯಿಂದಲೇ ಎಳೆದು, ಸಂದಿಯಿಂದಲೇ ತುರುಕುತ್ತಿದ್ದ. ನಾಲ್ಕು ವರ್ಷ ಹಾಗೆಯೇ ಎಳೆದ, ಹಾಗೆಯೇ ತುರುಕಿದ.

"ಹೋಟೆಲಿನಲ್ಲಿ ಗಿರಾಕಿ ತಿಂದು ಎದ್ದು ಹೋಗುತ್ತಾನೆ," ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. "ಇಲ್ಲಿ ತಿಂದು ಅಲ್ಲೇ ಕೂರುತ್ತಾನೆ, ಮುಂದಿನ ಊಟಕ್ಕೆ."

ನಿಜಕ್ಕೂ ಆಯಾಸದ ಕೆಲಸ. ಒಬ್ಬರಿಗೆ ಹಲ್ಲಿಲ್ಲ, ಒಬ್ಬರಿಗೆ ಹಲ್ಲಿದೆ ಆದರೆ ಗ್ಲಾಸಿನಲ್ಲಿದೆ. ಒಬ್ಬರಿಗೆ ಬಟಾಟೆ ಬೇಡ, ಒಬ್ಬರಿಗೆ ಬಟಾಟೆಯ ಹೊರತು ಬೇಡ. ಆಷಾಢದ ಏಕಾದಶಿಯಿಂದ ನಾಲ್ಕು ತಿಂಗಳು ಅರ್ಧ ಜನ ಈರುಳ್ಳಿ ಮುಟ್ಟುವುದಿಲ್ಲ. ಸರಿಯಾಗಿ ಆ ನಾಲ್ಕು ತಿಂಗಳಲ್ಲೇ ಲಾಸಲಗಾಂವದ ದಲಾಲರಿಗೆ ಪುಣ್ಯದ ನೆನಪಾಗಿ ಮೊಳಕೆಯೊಡೆದ ಈರುಳ್ಳಿಯ ಚೀಲಗಳನ್ನು ಆಶ್ರಮಕ್ಕೆ ಕಳಿಸುತ್ತಾರೆ. ಜೊತೆಗೆ ಆ ಬರಗಾಲದ ವರ್ಷಗಳಲ್ಲಿ ರೇಷನ್ನಿಗೆ ಅಮೆರಿಕದ ಕೆಂಪು ಜೋಳ ಬಂದಿತ್ತು. ಅದರ ರೊಟ್ಟಿ ತಟ್ಟಿದರೆ ನಾಲ್ಕು ತುಂಡಾಗಿ ನಾಲ್ಕು ದಿಕ್ಕಿಗೆ ಹೋಗುತ್ತಿತ್ತು. ಒಂದು ತುಂಡು ತನ್ನ ದೇಶಕ್ಕೇ ವಾಪಸು ಹೊರಟಿತ್ತಂತೆ, ಬಾಗಿಲಲ್ಲಿ ಹಿಡಿದರಂತೆ.

ಮುದ್ದಣ್ಣ ಅಡುಗೆಮನೆಯ ಹೊಸ್ತಿಲು ದಾಟಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ತಾನೂ ಹೊರಗೆ ಹೋಗುತ್ತಿರಲಿಲ್ಲ. ಸಾರಿನ ಬಕೆಟನ್ನು ಹೊಸ್ತಿಲ ಮೇಲೆ ಇಡುವುದು, ಕೈಕಾಲು ಗಟ್ಟಿಯಿರುವ ಯಾರಾದರೂ ಒಯ್ದು ಪಡಸಾಲೆಯಲ್ಲಿ ಬಡಿಸುವುದು. ಊಟವಾದ ಮೇಲೆ ತಟ್ಟೆಗಳು ಬಾವಿಕಟ್ಟೆಗೆ ಬಂದಾಗ ಮಾತ್ರ ಅವನು ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಒಂದೊಂದೇ ತಟ್ಟೆ ನೋಡುತ್ತಿದ್ದ. ಮುಖ ನೋಡಿ ಅವನಿಗೆ ಯಾರ ಗುರುತೂ ಇರಲಿಲ್ಲ, ತಟ್ಟೆ ನೋಡಿ ಎಲ್ಲರ ಗುರುತಿತ್ತು. ಸಿಪ್ಪೆ ಸಾಲಾಗಿ ಜೋಡಿಸಿದ್ದರೆ ಅದು ಬೀದರಿನ ರೇವಣಪ್ಪ, ಜಕಾತಿ ನಾಕೆಯಲ್ಲಿ ಮೂವತ್ತು ವರ್ಷ ಸುಂಕದ ಗುಮಾಸ್ತರಾಗಿದ್ದವರು. ಅನ್ನವನ್ನು ಅಂಚಿಗೆ ತಳ್ಳಿದ್ದರೆ ರುಕ್ಮಿಣಿಬಾಯಿ, ಕುಡುಗೋಲಿನಂತೆ ಬಾಗಿದ, ಮರಾಠಿ ಶಾಲೆಯ ನಿವೃತ್ತ ಶಿಕ್ಷಕಿ. ಅಂದರೆ ಹಲ್ಲಿನ ಸೆಟ್ಟು ಮತ್ತೆ ಕಚ್ಚುತ್ತಿದೆ, ನಾಳೆ ಅವರ ಪಾಲಿನದು ಗಂಜಿಯಾಗಬೇಕು. ಒಂದು ಚಳಿಗಾಲ ಮೂಲೆಯ ಖೋಲಿಯ ಮುದುಕರೊಬ್ಬರು ಹೋದರು. ಮುದ್ದಣ್ಣ ಹೋಗಿ ನೋಡಲೂ ಇಲ್ಲ. ಆದರೆ ಹದಿನೈದು ದಿನ ಅವನ ಕೈ ಇಪ್ಪತ್ತೇಳನೇ ಪಾಲಿನ ಅಕ್ಕಿಯನ್ನು ಅಳೆಯುತ್ತಲೇ ಇತ್ತು.

ಆ ಖಾಲಿಯಾದ ಖೋಲಿಗೆ ಬಂದವರು ಕಾಶಿಬಾಯಿ. ಕಲಬುರಗಿ ಕಡೆಯವರು, ನಿಜಾಮನ ಕಾಲದಲ್ಲಿ ಗಂಡನ ನೌಕರಿಯ ಹಿಂದೆ ಔರಂಗಾಬಾದಿಗೆ ಬಂದು ಅಲ್ಲೇ ಉಳಿದವರು. ಅಲ್ಲಿಂದ ಇಲ್ಲಿಗೆ. ಒಂದು ಬೆಳಗ್ಗೆ ಮುದ್ದಣ್ಣ ಹಸಿ ಸೌದೆಯ ಒಲೆಗೆ ತನ್ನ ಊರಿನ ಭಾಷೆಯಲ್ಲಿ ಸಹಸ್ರನಾಮ ಮಾಡುತ್ತಿದ್ದಾಗ ಹೊಸ್ತಿಲ ಮೇಲೆ ಯಾರೋ ಕೂತ ಸದ್ದಾಯಿತು.

"ನೀವು ಕನ್ನಡದವರೇನ್ರಿ, ಅಣ್ಣಾರ?"

"ಹೌದಮ್ಮ. ಎಂತ ಬೇಕಿತ್ತು?"

"ಏನಿಲ್ರಿ. ಮಾತು ಕೇಳಿ ಬಂದೆ. ಬೈಗುಳ ಭಾಳ ಚೆಂದ ಅದ, ಪುಸ್ತಕದಾಗ ಬರ್ದಂಗ."

"ಬೈಗುಳ ಕೇಳ್ಲಿಕ್ಕೆ ಬಂದದ್ದಾ ಮಾರಾಯ್ರೆ ನೀವು? ಹೊಸ್ತಿಲ ಮೇಲೆ ಕೂರ್ಬಾರ್ದು."

"ಒಳಗ ಬಿಡಂಗಿಲ್ಲ, ಹೊರಗ ಹೊಗಿ ಬರ್ತದ. ಮತ್ತ ಎಲ್ಲಿ ಕೂಡ್ಲಿ?" ಎಂದು ಕಾಶಿಬಾಯಿ ಸೆರಗು ಸುತ್ತಿಕೊಂಡು ಗಟ್ಟಿಯಾಗಿ ಕೂತರು. "ಅದಿರ್ಲಿ. ನಿನ್ನಿ ಸಾರಿನಾಗ ಬೆಲ್ಲ ಯಾಕ ಹಾಕಿದ್ರಿ? ಸಾರೋ ಹೋಳಿಗಿ ಹೂರಣಾನೋ ನನಗ ತಿಳೀಲಿಲ್ಲ."

ನಲವತ್ತು ವರ್ಷದಲ್ಲಿ ಮುದ್ದಣ್ಣನ ಸಾರಿಗೆ ಇಂಥ ಮಾತು ಆಡಿದವರಿರಲಿಲ್ಲ. ಅವನು ಹೋಗಿ ಟ್ರಂಕನ್ನು ಅಂಗಳಕ್ಕೆ ತಂದಿಟ್ಟ. ಇದು ಅವನ ಪದ್ಧತಿ. ಹಿಂದೆ ರೇವಣಪ್ಪ ಕಾಫಿ ಆರಿದೆ ಎಂದಾಗ ಒಮ್ಮೆ, ಯಾರೋ ಇಡ್ಲಿಯನ್ನು ಕಲ್ಲಿಗೆ ಹೋಲಿಸಿದಾಗ ಒಮ್ಮೆ ತಂದಿಟ್ಟಿದ್ದ. ಸಂಜೆ ಯಾರಾದರೂ ಬೇಡಿಕೊಂಡರೆ ಒಳಗೆ ಒಯ್ಯುತ್ತಿದ್ದ. ಈ ಸಲ ಕಾಶಿಬಾಯಿ ಬೇಡಿಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ಅದೇ ಹೊಸ್ತಿಲ ಮೇಲೆ ಕೂತು, ಒಂದು ಬುಟ್ಟಿ ಅವರೆಕಾಯಿ ಎಳೆದುಕೊಂಡು ಬಿಡಿಸತೊಡಗಿದರು. ಬಿಡಿಸಿದ ಕಾಳು ಬೇಕಾಗಿತ್ತು, ಹಾಗಾಗಿ ಮುದ್ದಣ್ಣ ಸುಮ್ಮನಾದ. ಅಲ್ಲಿಂದ ಮುಂದೆ ಹೊಸ್ತಿಲು ಕಾಶಿಬಾಯಿಯದಾಯಿತು.

ಆ ವರ್ಷದ ಶ್ರಾವಣದಿಂದ ಮುದುಕರ ನಡವಳಿಕೆ ಸ್ವಲ್ಪ ವಿಚಿತ್ರವಾಯಿತು. ಕಾಶಿಬಾಯಿ ದಿನಾ ಒಂದು ಹಿಡಿ ನಾದಿದ ಗೋಧಿ ಹಿಟ್ಟು ಕೇಳತೊಡಗಿದರು. ಯಾಕೆ ಎಂದರೆ, "ನದಿಗಿ ಹೋಗ್ತೀನ್ರಿ, ಮೀನಿಗಿ ಹಾಕ್ಲಾಕ. ಪುಣ್ಯ ಬರ್ತದ," ಎಂದರು. ರುಕ್ಮಿಣಿಬಾಯಿ ಊಟಕ್ಕೆ ಮೊದಲು ಒಂದು ಚೆಂಬು ಬಿಸಿನೀರು ಬೇಕೆಂದರು, ಪಚನಕ್ಕಂತೆ. ಎರಡು ದಿನದಲ್ಲಿ ಪಚನದ ತೊಂದರೆ ಇಪ್ಪತ್ತೇಳು ಜನರಿಗೂ ಹಬ್ಬಿ, ಬಿಸಿನೀರಿನ ಒಂದು ಹಂಡೆಯನ್ನೇ ಬೇರೆ ಇಡಬೇಕಾಯಿತು.

ಮುದ್ದಣ್ಣ ಇದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿ ಬಿಟ್ಟ. ತಟ್ಟೆಗಳು ಮಾತ್ರ ನೆಕ್ಕಿದ ಹಾಗೆ ಬರುತ್ತಿದ್ದವು. ಸೊಂಟದ ಮೇಲೆ ಕೈಯಿಟ್ಟು ನೋಡಿ, ಇನ್ನೂ ಕೈ ಕೆಟ್ಟಿಲ್ಲ ಎಂದು ಒಳಗೆ ಹೋಗುತ್ತಿದ್ದ.

ದಸರಾ ಮುಗಿದ ವಾರ ಆಶ್ರಮದ ವ್ಯವಸ್ಥಾಪಕ ಭುಜಂಗರಾವ್ ಅಡುಗೆಮನೆಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯ ಸುದ್ದಿಯನ್ನೂ ಮರಣವಾರ್ತೆಯಂತೆ ಹೇಳುವವರು; ಕೆಟ್ಟ ಸುದ್ದಿಯ ಕಥೆ ಕೇಳಬೇಡಿ.

"ಗುರುವಾರ ಶೇಠಜಿ ಬರುತ್ತಾರೆ. ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ," ಎಂದರು. "ಯಾರೋ ಗುತ್ತಿಗೆಯವನು ಡಬ್ಬಿಯಲ್ಲಿ ಊಟ ಕಳಿಸುತ್ತೇನೆ ಅಂದಿದ್ದಾನೆ. ಶೇಠಜಿ ಇಲ್ಲಿಯ ಊಟ ನೋಡಿ ತೀರ್ಮಾನಿಸುತ್ತಾರಂತೆ. ಚೆನ್ನಾಗಿದ್ದರೆ ನೀವಿರುತ್ತೀರಿ, ಇಲ್ಲವಾದರೆ ಡಬ್ಬಿ. ನಿಮ್ಮ ಖೋಲಿ ಆಗ ಸಾಮಾನಿನ ಕೋಣೆಯಾಗುತ್ತದೆ."

"ನನ್ನ ಊಟವಾ?" ಎಂದ ಮುದ್ದಣ್ಣ. "ಬರಲಿ. ಬೆರಳು ಕಚ್ಚಿಕೊಂಡಾರು, ಎಚ್ಚರ ಹೇಳಿ."

ಅದು ಸೋಮವಾರ. ಮಂಗಳವಾರ ಬೆಕ್ಕು ಮೊಸರಿನ ಗಡಿಗೆ ಉರುಳಿಸಿತು.

ಎಲ್ಲರ ಊಟವಾಗಿತ್ತು. ಹೊಟ್ಟೆ ಹಸಿದಿತ್ತು. ಬೇರೆ ಗತಿಯಿಲ್ಲದೆ ಮುದ್ದಣ್ಣ ಹಂಡೆಯ ತಳದ ಸಾರನ್ನು ಅನ್ನಕ್ಕೆ ಸುರಿದು ಒಂದು ತುತ್ತು ಬಾಯಿಗಿಟ್ಟ. ಮಲ್ಪೆಯ ಸಮುದ್ರವೇ ಬಾಯೊಳಗೆ ನುಗ್ಗಿದಂತಾಯಿತು. ಮುತ್ತಜ್ಜ ಹಾಕಿದ ಉಪ್ಪು ಅಷ್ಟೂ ಅದರಲ್ಲಿತ್ತು. ಕಣ್ಣಲ್ಲಿ ನೀರು ಬಂತು, ಆ ನೀರು ಸಾರಿಗಿಂತ ಸಪ್ಪೆಯಿತ್ತು.

ಅವನು ತುತ್ತನ್ನು ಉಗುಳಲಿಲ್ಲ. ನುಂಗಿ, ಗೋಡೆಗೆ ಒರಗಿ ನಿಂತ. ಬಾವಿಕಟ್ಟೆಯ ಮೇಲೆ ಇಪ್ಪತ್ತೇಳು ತಟ್ಟೆ ಫಳಫಳ ಹೊಳೆಯುತ್ತಿದ್ದವು.

ಹೊಸ್ತಿಲ ಮೇಲೆ ಕಾಶಿಬಾಯಿ ತೊಗರಿಬೇಳೆ ಆರಿಸುತ್ತಿದ್ದರು. ಮುದ್ದಣ್ಣ ಬಂದು ಅವರೆದುರು, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ನೆಲದ ಮೇಲೆ ಕೂತ. ಮೊಣಕಾಲು ಎರಡೂ ಒಟ್ಟಿಗೆ ಲಟಕ್ಕೆಂದವು.

"ಎಷ್ಟು ದಿನದಿಂದ?" ಎಂದ.

ಕಾಶಿಬಾಯಿ ಅವನ ಮುಖ ನೋಡಿದರು, ಹಂಡೆ ನೋಡಿದರು, ಮತ್ತೆ ಬೇಳೆಗೆ ಕೈ ಹಾಕಿದರು. "ಶ್ರಾವಣದಿಂದ್ರಿ."

"ದಿನಾ?"

"ದಿನಾ. ಹಿಂದಿನ ಓಣಿ ಗಣಪತಿ ಗುಡಿಗಿ ಯಾರೋ ಸಾವ್ಕಾರ ಹರಕಿ ತೀರ್ಸಿ ಹೊಸ ಗಂಟಿ ಕಟ್ಸ್ಯಾನ ನೋಡ್ರಿ, ಅವತ್ತಿನಿಂದ. ಹನ್ನೊಂದಕ್ಕ ವಿಠ್ಠಲನ ಗುಡಿ ಗಂಟಿ ಬಾರಸ್ತದ, ನಿಮ್ಮ ಕೈ ಉಪ್ಪಿಗಿ ಹೋಗ್ತದ. ಕಾಲು ತಾಸಿಗಿ ಗಣಪತಿ ಗಂಟಿ ಬಾರಸ್ತದ, ಮತ್ತ ಹೋಗ್ತದ. ನಾ ಇಲ್ಲೇ ಕುಂತು ನೋಡೀನ್ರಿ. ನೀವು ನೋಡ್ಲಿಕ್ಕಿಲ್ಲ. ನೀವು ಅಲ್ಲಿ ಇರಂಗೇ ಇಲ್ಲ."

ಮುದ್ದಣ್ಣ ತನ್ನ ಬಲಗೈಯನ್ನು, ಬಾಡಿಗೆಗೆ ಕೊಟ್ಟ ಮನೆಯನ್ನು ನೋಡುವ ಹಾಗೆ ನೋಡಿದ. ಗಿರಣಿಯ ಭೋಂಗಾ ಬಿಟ್ಟು ಬಂದವನು ಇಲ್ಲಿ ವಿಠ್ಠಲನ ಗಂಟೆಗೆ ಕಿವಿ ಒಪ್ಪಿಸಿದ್ದು ನಿಜ. ಆದರೆ ಔರಂಗಾಬಾದಿನಲ್ಲಿ ಗಿರಣಿ ಒಂದು, ಪಂಚವಟಿಯಲ್ಲಿ ಗಂಟೆಗೆ ಬರವೇ? ಪುಣ್ಯಕ್ಕೆ ಎಲ್ಲ ಗುಡಿಗಳ ಗಂಟೆಗೂ ಅವನ ಕೈ ಏಳಲಿಲ್ಲ. ಎದ್ದಿದ್ದರೆ ಉಪ್ಪಿನ ಸತ್ಯಾಗ್ರಹಕ್ಕೆ ದಂಡಿಯವರೆಗೆ ನಡೆಯಬೇಕಿರಲಿಲ್ಲ.

"ಮತ್ತೆ ಹಿಟ್ಟು? ಮೀನಿಗಲ್ವಾ?"

"ಸಣ್ಣ ಸಣ್ಣ ಉಂಡಿ ಮಾಡಿ ಎಲ್ಲಾರಿಗೂ ಹಂಚ್ತೀನ್ರಿ, ಬಟ್ಟಲದಾಗ ಬಿಡ್ಲಾಕ. ಹಿಟ್ಟು ಉಪ್ಪು ಹೀರ್ತದ. ಉಳಿದದ್ದಕ್ಕ ಬಿಸಿನೀರು. ಊಟ ಆದಮ್ಯಾಗ ಆ ಉಂಡಿ ಮೀನಿಗೇ ಹಾಕ್ತೀನಿ, ಸುಳ್ಳು ಹೇಳಿಲ್ಲ."

ಆ ಹಿಟ್ಟಿನುಂಡೆ ನಿಜಕ್ಕೂ ಎಷ್ಟು ಉಪ್ಪು ಹೀರುತ್ತಿತ್ತೋ ದೇವರೇ ಬಲ್ಲ. ಆದರೆ ಆ ಎರಡು ತಿಂಗಳು ನದಿಯ ರಾಮಕುಂಡದ ಮೀನುಗಳು ಬಾಯಾರಿ, ದಡಕ್ಕೆ ಬಂದು, ಸ್ನಾನಕ್ಕೆ ಬಂದವರ ಹತ್ತಿರ ಕುಡಿಯುವ ನೀರು ಕೇಳುತ್ತಿದ್ದವೆಂದು ಪಂಚವಟಿಯಲ್ಲಿ ಇಂದಿಗೂ ಹೇಳುವವರಿದ್ದಾರೆ.

"ನನಗೆ ಒಂದು ಮಾತು ಹೇಳ್ಬಹುದಿತ್ತು," ಎಂದ ಮುದ್ದಣ್ಣ.

"ಬೆಲ್ಲ ಅಂದಿದ್ದಕ್ಕೇ ಟ್ರಂಕ್ ಅಂಗಳಕ್ಕ ಬಂತು. ಉಪ್ಪು ಅಂದಿದ್ರ ಬಸ್‌ಸ್ಟ್ಯಾಂಡಿಗೇ ಹೋಗ್ತಿತ್ತು." ಕಾಶಿಬಾಯಿ ಒಂದು ಕಲ್ಲು ಆರಿಸಿ ಎಸೆದರು. "ಎಲ್ಲಾರೂ ಕೂಡಿ ಮಾತಾಡಿದ್ವಿರಿ. ರುಕ್ಮಿಣಿಬಾಯಿನೇ ಅಂದ್ಲು, ಉಪ್ಪು ತಿನ್ನೂಣು, ಇವ್ರು ಹೋದ್ರ ನನ್ನ ಹಲ್ಲು ಕಚ್ಚಿದ್ದು ತಟ್ಟಿ ನೋಡಿ ತಿಳಕೊಳ್ಳೋರು ಯಾರು ಅಂತ. ಆಕಿ ಮಗಗೂ ಅದು ತಿಳೀತಿರಲಿಲ್ಲಂತ."

 ಮುದ್ದಣ್ಣ ಎದ್ದು ಹೋಗಿ ಟ್ರಂಕನ್ನು ಅಂಗಳಕ್ಕೆ ಎಳೆದುಕೊಂಡು ಬಂದ. ಈ ಸಲ ಸಿಟ್ಟಿನಿಂದಲ್ಲ. ಅವನಿಗೆ ಅಷ್ಟು ದಣಿವಾಗಿತ್ತು. ಕೈಯ ಮೇಲೆ ನಂಬಿಕೆ ಹೋದ ಅಡುಗೆಯವನು ಅಂದರೆ ಏನು, ಬರೀ ಎರಡು ಕೆಟ್ಟ ಮೊಣಕಾಲು.

"ಗುರುವಾರದ ಮೊದ್ಲೇ ಹೋಗ್ತೇನೆ. ಶೇಠಜಿಯ ಎದುರು ಮರ್ಯಾದೆ ಕಳ್ಕೊಳ್ಳುದು ಯಾಕೆ?"

"ಎಲ್ಲಿಗಿ ಹೋಗ್ತೀರಿ?"

"ಲಾಸಲಗಾಂವದಲ್ಲಿ ಒಂದು ಹೋಟ್ಲುಂಟಂತೆ. ಹಮಾಲರು ಊಟಕ್ಕೆ ಬರ್ತಾರಂತೆ."

"ಅಲ್ಲಿ ಎಷ್ಟು ಗಂಟಿ ಅವರಿ?"

ಮುದ್ದಣ್ಣ ಟ್ರಂಕಿನ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ.

"ಇಲ್ಲಿ ನಿಮ್ಮ ಕೈ ಎಬ್ಸೂವು ಎರಡೇ ಅವ. ಒಂದು ನೀವು ನೋಡ್ಕೋರಿ, ಇನ್ನೊಂದು ನಾ ನೋಡ್ಕೋತೀನಿ. ಗಣಪತಿ ಗಂಟಿ ಬಾರ್ಸಿದಾಗ ಭರಣಿ ನನ್ನ ಉಡಿಯಾಗ ಇರ್ತದ. ನಿಮ್ಮ ಹೊಸ್ತಿಲು ನಾ ದಾಟಂಗಿಲ್ಲ. ನೀವೇ ಭರಣಿ ಈ ಕಡಿ ಸರಸ್ರಿ."

ಅಡುಗೆಯವನು ಉಪ್ಪಿನ ಭರಣಿಯನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ದೊರೆ ಕಿರೀಟ ಕೊಟ್ಟ ಹಾಗೆ. ಮುದ್ದಣ್ಣ ಆ ರಾತ್ರಿ ಪೂರ್ತಿ ಯೋಚಿಸಿದ. ಬುಧವಾರ ಹನ್ನೊಂದಕ್ಕೆ ವಿಠ್ಠಲನ ಗಂಟೆಗೆ ಒಂದು ಹಿಡಿ ಹಾಕಿ, ಭರಣಿಯನ್ನು ಹೊಸ್ತಿಲಿಗೆ ನೂಕಿದ. ಕಾಲು ತಾಸು ಬಿಟ್ಟು ಗಣಪತಿಯ ಗಂಟೆ ಬಾರಿಸಿತು. ಅವನ ಕೈ ತಾನಾಗಿ ಎದ್ದು, ಭರಣಿ ಇದ್ದ ಜಾಗದಲ್ಲಿ ಗಾಳಿಯನ್ನು ಹಿಡಿದು, ಹಂಡೆಯ ಮೇಲೆ ಗಾಳಿಯನ್ನೇ ಬಿಚ್ಚಿತು. ಮುದ್ದಣ್ಣ ಅದನ್ನು ಕಣ್ಣಾರೆ ನೋಡಿದ. ಕಾಶಿಬಾಯಿ ನಗಲಿಲ್ಲ. ಉಡಿಯ ಭರಣಿಯ ಮೇಲೆ ಸೆರಗು ಹೊದಿಸಿ, ಬೇಳೆ ಆರಿಸುತ್ತಿದ್ದರು.

ಅಂದು ಸಾರು ಹೇಗಿತ್ತೆಂದು ಯಾರೂ ಹೇಳಲಿಲ್ಲ. ಮಾಮೂಲಿನಂತೆ ಹಿಟ್ಟಿನುಂಡೆ, ಬಿಸಿನೀರು ಎಲ್ಲ ನಡೆದು ಸಾರು ನೀರಾಯಿತು. ನಾಳೆ ಉಂಡೆ ಬೇಡವೆಂದು ಎಲ್ಲರಿಗೂ ಹೇಳಬೇಕೆಂದು ಕಾಶಿಬಾಯಿ ಅಂದುಕೊಂಡರು. ಎಪ್ಪತ್ತೆರಡರ ವಯಸ್ಸು, ಮರೆತರು. ಬೆಳಗ್ಗೆ ರೂಢಿಯಂತೆ ಹಿಟ್ಟು ಕೇಳಿದರು, ಮುದ್ದಣ್ಣನ ಕೈಯೂ ರೂಢಿಯಂತೆ ಕೊಟ್ಟಿತು.

ಗುರುವಾರ ಶೇಠಜಿ ಬಂದರು. ದಪ್ಪ ಮನುಷ್ಯ, ಮಣೆಯ ಮೇಲೆ ಕೂರಿಸಲು ಇಬ್ಬರು ಬೇಕಾಯಿತು, ಎಬ್ಬಿಸುವುದಕ್ಕೆ ಎಷ್ಟು ಬೇಕೋ ಎಂದು ಭುಜಂಗರಾವ್ ಆಗಲೇ ಚಿಂತೆ ಹಚ್ಚಿಕೊಂಡರು. ವಿಠ್ಠಲನ ಗಂಟೆಗೆ ಉಪ್ಪು ಬಿದ್ದಿತ್ತು, ಗಣಪತಿಯದಕ್ಕೆ ಗಾಳಿ. ಮುದ್ದಣ್ಣ ದೇವರಿಗೆ ತೋರಿಸಿ, ಬಕೆಟು ಹೊಸ್ತಿಲ ಮೇಲಿಟ್ಟು, ಹೆಗಲ ಮೇಲಿನ ಪಂಚೆಯನ್ನು ಕೈಗೆ ಸುತ್ತಿಕೊಂಡು ಪಡಸಾಲೆಯ ಬಾಗಿಲಲ್ಲಿ ನಿಂತ. ಅವನು ಪಂಕ್ತಿಯನ್ನು ನೋಡುತ್ತಿದ್ದುದು ಅದೇ ಮೊದಲು. ತಟ್ಟೆಗಳಿಗೆ ಮುಖಗಳಿದ್ದವು.

ರೇವಣಪ್ಪ ಬಡಿಸುತ್ತ ಬಂದರು. ಶೇಠಜಿಯ ಬಟ್ಟಲಿಗೆ ಸಾರು ಬಿತ್ತು. ಅವರು ಅನ್ನ ಕಲಸುತ್ತ ಎದುರಿನ ಸಾಲಿನ ಕಡೆ ಕಣ್ಣೆತ್ತಿದರು.

ಎದುರಿನ ಸಾಲಿನಲ್ಲಿ ಇಪ್ಪತ್ತಾರು ಕೈಗಳು ಒಟ್ಟಿಗೆ ತಟ್ಟೆಯ ಅಡಿಗೆ ಹೋದವು. ಒಟ್ಟಿಗೆ ಗೋಲಿ ಗಾತ್ರದ ಹಿಟ್ಟಿನುಂಡೆ ತೆಗೆದವು. ಒಟ್ಟಿಗೆ ಬಟ್ಟಲಿಗೆ ಬಿಟ್ಟವು. ಪೊಳ್, ಪೊಳ್, ಪೊಳ್ ಎಂದು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಸದ್ದು ಹೋಯಿತು. ಹಿಂದೆಯೇ ಬಿಸಿನೀರಿನ ಚೆಂಬು ಕೈಯಿಂದ ಕೈಗೆ ಹೊರಟಿತು. ಬಡಿಸುವುದನ್ನು ನಿಲ್ಲಿಸಿ ರೇವಣಪ್ಪನೂ ತಮ್ಮ ಬಟ್ಟಲಿಗೆ ಒಂದು ಉಂಡೆ ಬಿಟ್ಟು ಬಂದರು. ಎರಡು ತಿಂಗಳ ಅಭ್ಯಾಸ. ಮುದ್ದಣ್ಣನ ಕೈಗೆ ಗಂಟೆ ಹೇಗೋ ಇವರಿಗೆ ಸಾರಿನ ಬಕೆಟು ಹಾಗೆ.

"ಇದೇನು?" ಎಂದರು ಶೇಠಜಿ.

ಎಲ್ಲರಿಗೂ ಒಮ್ಮೆಲೇ ತಾವೇನು ಮಾಡಿದೆವೆಂದು ತಿಳಿಯಿತು. ರೇವಣಪ್ಪ ಜಕಾತಿ ನಾಕೆಯ ಅನುಭವಿ, ಮೊದಲು ಅವರೇ ಚೇತರಿಸಿಕೊಂಡರು. "ಇದು ಬೀದರಿನ ಪದ್ಧತಿ, ಶೇಠಜಿ. ಗುರುವಾರ ಸಾರಿಗೆ ಉಂಡೆ ಬಿಡುವುದು."

"ಡಾಕ್ಟರ್ ಹೇಳಿದ್ದಾರೆ," ಎಂದರು ರುಕ್ಮಿಣಿಬಾಯಿ ಅದೇ ಗಳಿಗೆಯಲ್ಲಿ.

"ಮೀನಿಗಿ," ಎಂದರು ಕಾಶಿಬಾಯಿ.

ಶೇಠಜಿ ಮೂವರನ್ನೂ ನೋಡಿ, ಬಾಗಿಲಲ್ಲಿ ನಿಂತವನ ಕಡೆ ತಿರುಗಿದರು. ಭುಜಂಗರಾವ್ ಕಣ್ಣು ಮುಚ್ಚಿಕೊಂಡರು. ಮುದ್ದಣ್ಣನ ಹಿಂದೆ ಅಂಗಳದಲ್ಲಿ ಟ್ರಂಕು ಇನ್ನೂ ಇತ್ತು, ಹಗ್ಗ ಕಟ್ಟಿಯೇ ಇತ್ತು. ಬೀದರಿನ ಪದ್ಧತಿ ಎಂದು ಒಪ್ಪಿಕೊಂಡಿದ್ದರೂ ನಡೆಯುತ್ತಿತ್ತೇನೋ. ಆದರೆ ತನಗೋಸ್ಕರ ಮೂರು ಮುದಿಜೀವಗಳು ಮೂರು ಬೇರೆ ಬೇರೆ ಸುಳ್ಳು ಹೇಳಿ ಸಿಕ್ಕಿಬಿದ್ದು ಕೂತದ್ದನ್ನು ನೋಡಿ ನಿಲ್ಲುವುದು ಅವನಿಂದ ಆಗಲಿಲ್ಲ.

"ಅವರದ್ದೇನೂ ತಪ್ಪಿಲ್ಲ ಶೇಠಜಿ," ಎಂದ ತನ್ನ ಕನ್ನಡದಂಥ ಮರಾಠಿಯಲ್ಲಿ. "ಶ್ರಾವಣದಿಂದ ನಾನು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ. ನನಗೇ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು. ಎರಡು ತಿಂಗಳು ಹೀಗೆ ಉಂಡೆ ಬಿಟ್ಟುಕೊಂಡು ತಿಂದರು, ನನ್ನ ಕೆಲಸ ಹೋಗಬಾರದೆಂದು. ನಿನ್ನೆಯಿಂದ ಸರಿಯಾಗಿದೆ. ಇವತ್ತಿನ ಸಾರು ಚೆನ್ನಾಗಿತ್ತು. ಈಗ ಇವರೇ ಕೆಡಿಸಿದ್ದಾರೆ."

 ಶೇಠಜಿ ತಮ್ಮ ಬಟ್ಟಲಿನಿಂದ, ಉಂಡೆ ಬೀಳದ ಒಂದೇ ಬಟ್ಟಲಿನಿಂದ, ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಬಟ್ಟಲು ಖಾಲಿ ಮಾಡಿ ರೇವಣಪ್ಪನ ಬಕೆಟಿನ ಕಡೆ ಚಾಚಿದರು.

"ಎರಡು ತಿಂಗಳು ನಿಮಗೆ ಸಮುದ್ರ ಕುಡಿಸಿದ್ದಾನೆ," ಎಂದರು ಸಾಲಿನ ಕಡೆ ತಿರುಗಿ. "ಹೇಳಿ, ಏನು ಮಾಡೋಣ ಇವನನ್ನು?"

ರುಕ್ಮಿಣಿಬಾಯಿ ಮೂವತ್ತೈದು ವರ್ಷ ಮಕ್ಕಳಿಗೆ ಶಿಕ್ಷೆ ಕೊಟ್ಟವರು, ಯೋಚಿಸಬೇಕಾಗಲಿಲ್ಲ. "ನಮ್ಮ ಜೊತೆ ಕೂತು ನಾವು ಉಂಡದ್ದನ್ನೇ ಉಣ್ಣಬೇಕು. ದಿನಾ. ಮೊಸರನ್ನ ಬಂದ್," ಎಂದರು.

"ಹೂಂ, ಅದಾಗ್ಲಿ. ಡಬ್ಬಿಯವನಿಗೆ ಬೇಡವೆಂದು ಬರೆಯಿರಿ, ಭುಜಂಗರಾವ್," ಎಂದು ಶೇಠಜಿ ಅನ್ನ ಕಲಸಿದರು.

ಕಾಶಿಬಾಯಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಮುದ್ದಣ್ಣ ಗೋಡೆ ಹಿಡಿದು, ಒಂದು ಮೊಣಕಾಲು ಮಡಿಸಿ, ಉಸಿರು ಬಿಟ್ಟು, ಇನ್ನೊಂದು ಮಡಿಸಿ ಕೂತ. ಕೂತ ಮೇಲೆ ಗೊತ್ತಾಯಿತು ಎಷ್ಟು ವರ್ಷದಿಂದ ನಿಂತಿದ್ದೆ ಎಂದು. ಯಾರೋ ತಟ್ಟೆ ಇಟ್ಟರು, ರೇವಣಪ್ಪ ಬಡಿಸಿದರು. ಮುದ್ದಣ್ಣ ತನ್ನ ಸಾರನ್ನು ಕಲಸಿ ಒಂದು ತುತ್ತು ಉಂಡ. ಚೆನ್ನಾಗಿತ್ತು. ಬೆಲ್ಲ ಒಂದು ಎಳೆ ಹೆಚ್ಚೇ ಇತ್ತು. ಅದನ್ನು ಅವನು ಕಾಶಿಬಾಯಿಗೆ ಹೇಳಲಿಲ್ಲ.

ಭುಜಂಗರಾವ್ ಇಷ್ಟು ಹೊತ್ತು ಬೆವರಿದವರು. ಕೆಲಸ ಉಳಿದದ್ದು ಮುದ್ದಣ್ಣನದಾದರೂ ನೀರಿಳಿದದ್ದು ಅವರ ಕುತ್ತಿಗೆಯಲ್ಲಿ. ಆ ಸಿಟ್ಟನ್ನು ತೀರಿಸಿಕೊಳ್ಳದೆ ಬಿಡುವಂತಿರಲಿಲ್ಲ.

"ಏನು ಅಣ್ಣಾ," ಎಂದರು, ಸಾಲಿನ ಕೊನೆಯವರೆಗೂ ಕೇಳುವಂತೆ. "ನಲವತ್ತು ವರ್ಷ ರುಚಿ ನೋಡದೆ ಉಪ್ಪು ಹಾಕಿದವನು ಅಂತ ನಾಶಿಕಕ್ಕೆಲ್ಲ ಡಂಗುರ ಹೊಡೆಸಿದ್ದಿರಿ. ಇನ್ನಾದರೂ ರುಚಿ ನೋಡಿ ಅಡುಗೆ ಮಾಡುತ್ತೀರಲ್ಲ?"

ಮುದ್ದಣ್ಣ ಬಾಯಿಯ ತುತ್ತು ಮುಗಿಸಿದ. ಎಡಗೈಯಿಂದ ಸಾಲನ್ನು ತೋರಿಸಿದ.

"ನಾನು ಯಾಕೆ ನೋಡಲಿ ಭುಜಂಗರಾವ್? ನನ್ನ ಬದಲು ನೋಡಲಿಕ್ಕೆ ಇಪ್ಪತ್ತೇಳು ನಾಲಿಗೆ ಇವೆ. ನಿಮಗೆ ಇರುವುದು ಒಂದೇ, ಸ್ವಲ್ಪ ಜೋಪಾನವಾಗಿ ಬಳಸಿ."